ಮೂಡಣ ಕಡಲಿಗೆ ಪಡುವಣದ ಕಣ್ಣು

ನಿವೃತ್ತರಾದ ಮೇಲೆ ಕುಂಚ ಹಿಡಿದವರ ಚಿತ್ರಗಳಿಗೆ ನಮ್ಮಲ್ಲಿ ಮೆಚ್ಚುಗೆ ಧಾರಾಳವಾಗಿದೆ, ವಿಮರ್ಶೆ ಮಾತ್ರ ಇಲ್ಲ. "ಈ ವಯಸ್ಸಲ್ಲೂ ಎಷ್ಟು ಚೆನ್ನಾಗಿ ಬರೀತಾರೆ ನೋಡಿ" ಅನ್ನುತ್ತೇವೆ. ಆ ವಾಕ್ಯದಲ್ಲಿ ವಯಸ್ಸಿನ ಬಗ್ಗೆ ಮಾತಿದೆ, ಚಿತ್ರದ ಬಗ್ಗೆ ಒಂದಕ್ಷರವೂ ಇಲ್ಲ. ಇಪ್ಪತ್ತೆರಡರ ಹುಡುಗಿಯೊಬ್ಬಳು ಕಡಲ ಚಿತ್ರ ಬರೆದು ತಂದರೆ ದಿಗಂತ ಓರೆಯಾಗಿದೆ, ಮರಳಿನ ಬಣ್ಣ ಸತ್ತಿದೆ ಎಂದು ಹೇಳಲು ನಾವು ಹಿಂಜರಿಯುವುದಿಲ್ಲ. ಎಪ್ಪತ್ತರವರು ತಂದರೆ ಬಾಯಿ ಮುಚ್ಚಿಕೊಂಡು ಚಪ್ಪಾಳೆ ತಟ್ಟುತ್ತೇವೆ. ಇದನ್ನು ಗೌರವ ಎಂದುಕೊಂಡಿದ್ದೇವೆ. ನನಗೆ ಹಾಗನ್ನಿಸುವುದಿಲ್ಲ. ಹುಸಿ ಹೊಗಳಿಕೆಯಿಂದ ಹಾಳಾದರೂ ಸರಿಪಡಿಸಿಕೊಳ್ಳಲು ಇಪ್ಪತ್ತೆರಡರವಳಿಗೆ ನಲವತ್ತು ವರ್ಷ ಇದೆ. ಎಪ್ಪತ್ತರವರಿಗೆ ಇರುವುದು ಎಣಿಸಿದ ಬೆಳಗುಗಳು. ನಿಜವನ್ನು ಬೇಗ ಹೇಳಬೇಕಾದದ್ದು ಅವರಿಗೇ.

ಹನ್ನೊಂದು ವರ್ಷದಿಂದ ನಾನು ವಿಶಾಖಪಟ್ಟಣ ಮತ್ತು ವಿಜಯವಾಡಗಳ ನಡುವೆ ಓಡಾಡಿಕೊಂಡು ಸಂಬಳ ತೆಗೆದುಕೊಳ್ಳುತ್ತಿರುವವನು. ರತ್ನಾಚಲ್ ಎಕ್ಸ್‌ಪ್ರೆಸ್ಸಿನ ಕಿಟಕಿಯಿಂದ ಗೋದಾವರಿಯನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಎರಡೂ ಊರುಗಳಲ್ಲಿ ನಮ್ಮ ಕಡೆಯ ಹಿರಿಯರು ಕಡಿಮೆಯಿಲ್ಲ. ಬ್ಯಾಂಕು, ರೈಲ್ವೆ, ಬಂದರು, ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದು ಇಲ್ಲೇ ನಿಂತವರು ಕೆಲವರು. ಮಗನದ್ದೋ ಮಗಳದ್ದೋ ಕೆಲಸದ ಬೆನ್ನು ಹಿಡಿದು ಬಂದು ಹನ್ನೆರಡನೇ ಮಹಡಿಯ ಬಾಲ್ಕನಿಯಲ್ಲಿ ಕುಳಿತವರು ಇನ್ನು ಕೆಲವರು. ಅವರಲ್ಲಿ ಚಿತ್ರ ಬರೆಯುವವರು ನಾವು ಊಹಿಸುವುದಕ್ಕಿಂತ ಹೆಚ್ಚಿದ್ದಾರೆ. ರಾಜ್ಯೋತ್ಸವದ ದಿನ ಬಾಡಿಗೆ ಸಭಾಂಗಣದ ಗೋಡೆಗೆ, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನ ಟೇಬಲ್ ಟೆನಿಸ್ ಕೋಣೆಯ ಗೋಡೆಗೆ ಅವರ ಚಿತ್ರಗಳು ಏರುತ್ತವೆ. ಅಲ್ಲಿ ನೋಡಿದ ಚಿತ್ರಗಳನ್ನು ಇಟ್ಟುಕೊಂಡೇ ಈ ಲೇಖನ ಬರೆಯುತ್ತಿದ್ದೇನೆ. ಹೆಸರು ಯಾರದ್ದೂ ಬೇಡ. ಚಿತ್ರಗಳ ಬಗ್ಗೆ ಮಾತ್ರ ಮುಲಾಜಿಲ್ಲದೆ ಮಾತಾಡೋಣ.

ಮೊದಲ ತಕರಾರು ಸೂರ್ಯನದ್ದು.

ವಿಶಾಖಪಟ್ಟಣದಲ್ಲಿ ಕೂತು ಕನ್ನಡಿಗರು ಬರೆದ ಕಡಲ ಚಿತ್ರಗಳಲ್ಲಿ ಹೆಚ್ಚಿನವು ಸಂಜೆಯವು. ಕೆಂಪು ಸೂರ್ಯ ಅರ್ಧ ನೀರಿಗಿಳಿದಿರುತ್ತಾನೆ. ಅವನಿಂದ ದಡದವರೆಗೆ ಬಂಗಾರದ ದಾರಿ. ಆ ದಾರಿಗಡ್ಡವಾಗಿ ಒಂದು ಕಪ್ಪು ದೋಣಿ, ಪಕ್ಕದಲ್ಲಿ ಬಾಗಿದ ತೆಂಗು. ಕೆಳಗೆ "ವೈಜಾಗ್ ಬೀಚ್" ಎಂದು ಬರಹ. ಆದರೆ ವೈಜಾಗಿನಲ್ಲಿ ಸೂರ್ಯ ಕಡಲಿಗೆ ಮುಳುಗುವುದೇ ಇಲ್ಲ. ಮುಳುಗುವುದು ಬೆನ್ನ ಹಿಂದೆ, ಊರಿನಾಚೆ, ಪೂರ್ವ ಘಟ್ಟದ ಗುಡ್ಡಗಳ ಹಿಂದೆ. ಇಲ್ಲಿ ಕಡಲಿನಿಂದ ಸೂರ್ಯ ಹುಟ್ಟುತ್ತಾನೆ.

ಇದು ಭೂಗೋಳದ ಪರೀಕ್ಷೆಯ ತಪ್ಪು ಎಂದು ನಗಬಹುದು. ಚಿತ್ರಕಲೆಯಲ್ಲಿ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ ಎಂಬುದು ನನ್ನ ವಾದ. ಬೆಳಕು ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಇಡೀ ಚಿತ್ರ ನಿಂತಿರುತ್ತದೆ. ನಮ್ಮ ಕಾರವಾರ, ಮರವಂತೆ, ಸುರತ್ಕಲ್ಲಿನ ಸಂಜೆಯಲ್ಲಿ ಬೆಳಕು ಎದುರಿನಿಂದ ಬರುತ್ತದೆ. ಆಗ ದೋಣಿಯ ನಮ್ಮ ಕಡೆಯ ಮೈ ನೆರಳಿಗೆ ಬೀಳುತ್ತದೆ. ಬಣ್ಣ ಕಾಣುವುದಿಲ್ಲ, ಮನುಷ್ಯನ ಮುಖ ಕಾಣುವುದಿಲ್ಲ, ಎಲ್ಲವೂ ಕಪ್ಪು ಕತ್ತರಿಕೆಯಾಗುತ್ತದೆ. ಹೊಸದಾಗಿ ಕಲಿಯುವವರಿಗೆ ಇದು ಒಳ್ಳೆಯ ಆಸರೆ. ದೋಣಿಯ ಹಲಗೆ ಹೇಗೆ ಬಾಗಿದೆ, ಬಲೆ ಎಳೆಯುವವನ ಬೆನ್ನು ಹೇಗೆ ತಿರುಗಿದೆ ಎಂದು ಬಿಡಿಸಬೇಕಾಗಿಲ್ಲ. ಕಪ್ಪು ಬಳಿದರೆ ಮುಗಿಯಿತು.

ವೈಜಾಗಿನ ಸಂಜೆಯಲ್ಲಿ ಆ ಆಸರೆ ಸಿಗುವುದಿಲ್ಲ. ರಾಮಕೃಷ್ಣ ಬೀಚಿನಲ್ಲಿ ಕಡಲಿಗೆ ಮುಖ ಮಾಡಿ ನಿಂತರೆ ಬೆಳಕು ನಮ್ಮ ಹೆಗಲ ಮೇಲಿನಿಂದ ಹೋಗಿ ಎದುರಿನ ವಸ್ತುಗಳ ಮುಖಕ್ಕೆ ಬೀಳುತ್ತದೆ. ದೋಣಿಯ ನೀಲಿ ನೀಲಿಯಾಗಿಯೇ, ಕಿತ್ತಳೆ ಕಿತ್ತಳೆಯಾಗಿಯೇ ಕಾಣುತ್ತದೆ. ನೊರೆಗೆ ಹಳದಿ ಛಾಯೆ. ನೀರಿನ ಮೇಲೆ ಬಂಗಾರದ ದಾರಿ ಇಲ್ಲ. ಕಡಲು ಹೊಳೆಯುವ ಬದಲು ಗಟ್ಟಿಯಾಗಿ, ಗೋಡೆಯ ಹಾಗೆ ನಿಲ್ಲುತ್ತದೆ. ಇದನ್ನು ಬರೆಯಲು ರೇಖೆ ಬೇಕು, ಒಂದೇ ನೀಲಿಯೊಳಗಿನ ನಾಲ್ಕು ನೀಲಿಗಳು ಬೇಕು.

ಸೂರ್ಯ ಗುಡ್ಡದ ಹಿಂದೆ ಇಳಿದ ಮೇಲೆ ಇನ್ನೊಂದು ನೋಟವಿದೆ. ಮೂಡಣ ದಿಗಂತದಲ್ಲಿ ಕಡಲಿಗೆ ತಾಗಿದಂತೆ ಬೂದು ಮಿಶ್ರಿತ ನೀಲಿಯ ಒಂದು ಪಟ್ಟಿ ಏಳುತ್ತದೆ. ಅದರ ಮೇಲೆ ಮಾಸಲು ಗುಲಾಬಿಯ ಇನ್ನೊಂದು ಪಟ್ಟಿ. ಕೆಳಗಿನ ಆ ಬೂದು ಪಟ್ಟಿ ಭೂಮಿಯದೇ ನೆರಳು, ಗಾಳಿಯ ಮೇಲೆ ಬಿದ್ದದ್ದು. ಹತ್ತು ಹದಿನೈದು ನಿಮಿಷದಲ್ಲಿ ಅದು ಮೇಲೇರಿ ರಾತ್ರಿಯಲ್ಲಿ ಕರಗಿಹೋಗುತ್ತದೆ. ನಮ್ಮ ಕರಾವಳಿಯವರಿಗೆ ಇದು ಕಡಲ ಮೇಲೆ ಕಾಣುವುದು ಬೆಳಗಿನ ಜಾವ ಮಾತ್ರ, ಅದೂ ಎದ್ದಿದ್ದರೆ. ಹುಣ್ಣಿಮೆಯ ದಿನ ಆ ಗುಲಾಬಿಯೊಳಗಿಂದಲೇ ಚಂದ್ರ ಏಳುತ್ತಾನೆ. ನಾನು ನೋಡಿದ ಸುಮಾರು ಎಂಬತ್ತು ಚಿತ್ರಗಳಲ್ಲಿ ಇದನ್ನು ಬರೆದವರು ಒಬ್ಬರೇ. ಅವರ ಮಾತು ಮುಂದೆ ಬರುತ್ತದೆ.

ಗಡಿಯಾರವೂ ಇಲ್ಲಿ ಬೇರೆ. ಕಾರವಾರಕ್ಕೂ ವಿಶಾಖಪಟ್ಟಣಕ್ಕೂ ರೇಖಾಂಶದಲ್ಲಿ ಸುಮಾರು 9 ಡಿಗ್ರಿ ಅಂತರ. ಅಂದರೆ ಇಲ್ಲಿ ಸೂರ್ಯ ಸುಮಾರು 36 ನಿಮಿಷ ಮುಂದಿದ್ದಾನೆ. ಕೈಗಡಿಯಾರದ ಸಮಯ ಮಾತ್ರ ಎರಡೂ ಕಡೆ ಒಂದೇ. ಜೂನ್ ತಿಂಗಳಲ್ಲಿ ಬೆಳಗ್ಗೆ ಐದೂವರೆಗೆ ಮೊದಲೇ ಸೂರ್ಯ ಕಡಲಿನ ಮೇಲಿರುತ್ತಾನೆ. ಡಿಸೆಂಬರಿನಲ್ಲಿ ಸಂಜೆ ಐದೂವರೆಗೆಲ್ಲ ಇಳಿದಿರುತ್ತಾನೆ. ಊರಿನ ಅಭ್ಯಾಸದಲ್ಲಿ ಕಾಫಿ ಕುಡಿದು ಆರಕ್ಕೆ ಹೊರಟರೆ ಡಿಸೆಂಬರಿನಲ್ಲಿ ಕತ್ತಲು ಸಿಗುತ್ತದೆ. ಹೀಗಾಗಿ ಎಷ್ಟೋ ಮಂದಿ ಮೊಬೈಲಿನ ಫೋಟೋ ನೋಡಿ ಬರೆಯುತ್ತಾರೆ. ಫೋಟೋ ಯಾರೋ ಕಳಿಸಿದ್ದು, ಹೆಚ್ಚಾಗಿ ಪಡುವಣದ್ದು. ಇಲ್ಲಿನ ಬೆಳಕು ಇಲ್ಲಿನ ಕಾಗದದ ಮೇಲೆ ಬೀಳುವುದೇ ಇಲ್ಲ.

ಸುರತ್ಕಲ್ ಕಡೆಯ ಒಬ್ಬ ಹಿರಿಯ ಮಾಷ್ಟ್ರಿಗೆ ಇದನ್ನು ಕೇಳಿಯೇ ಬಿಟ್ಟೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ವಯಸ್ಸು ಎಪ್ಪತ್ತೊಂದು, ಮಗಳ ಮನೆಯಲ್ಲಿದ್ದಾರೆ. ದಿನಾ ಎರಡು ಗಂಟೆ ಬರೆಯುತ್ತಾರೆ.

"ಮಾಷ್ಟ್ರೇ, ಸೂರ್ಯ ಇಲ್ಲಿ ಆಚೆ ಕಡೆಗಲ್ವಾ ಮುಳುಗೋದು?"

"ಗೊತ್ತುಂಟು ಮಾರಾಯ," ಅಂದರು. "ನನಗೆ ಗೊತ್ತುಂಟು, ಕೈಗೆ ಗೊತ್ತಿಲ್ಲ."

ಆ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಯಾಕೆಂದರೆ ಅದಕ್ಕೆ ಎರಡು ಅರ್ಥ ಸಾಧ್ಯ. ಕೈ ಕ್ಯಾಲೆಂಡರಿನಿಂದ ಕಲಿತದ್ದನ್ನು ಬರೆಯುತ್ತಿದೆ ಎಂಬುದು ಒಂದು. ಅರವತ್ತು ವರ್ಷ ಮೈಮೇಲೆ ಬಿದ್ದ ಕಡಲನ್ನು ಬರೆಯುತ್ತಿದೆ ಎಂಬುದು ಇನ್ನೊಂದು. ಮೊದಲನೆಯದಾದರೆ ಬಿಡಬೇಕಾದ ಚಟ. ಎರಡನೆಯದಾದರೆ ಅದೇ ಅವರ ಬಂಡವಾಳ. ಹೊರಗಿನಿಂದ ನೋಡುವವನು ಇವೆರಡನ್ನು ಬೇರೆ ಮಾಡುವುದು ಹೇಗೆ?

ಇಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಆಲ್ಫ್ರೆಡ್ ವಾಲಿಸ್ ನೆರವಿಗೆ ಬರುತ್ತಾನೆ. 1855ರಲ್ಲಿ ಹುಟ್ಟಿದವನು. ಕಡಲಲ್ಲಿ ದುಡಿದವನು, ಆಮೇಲೆ ಸೇಂಟ್ ಐವ್ಸ್ ಊರಿನಲ್ಲಿ ಹಡಗಿನ ಗುಜರಿ ಸಾಮಾನು ಕೊಂಡು ಮಾರುತ್ತಿದ್ದವನು. 1922ರಲ್ಲಿ ಹೆಂಡತಿ ತೀರಿಕೊಂಡಳು. ಅದಾದ ಮೇಲೆ, ಎಪ್ಪತ್ತರ ಹೊತ್ತಿಗೆ, ಜೊತೆಗೆ ಯಾರಾದರೂ ಬೇಕೆಂಬಂತೆ ಚಿತ್ರ ಬರೆಯತೊಡಗಿದ. ಕ್ಯಾನ್ವಾಸ್ ಇಲ್ಲ, ಅಂಗಡಿಯ ರಟ್ಟು. ಕಲಾವಿದರ ಬಣ್ಣ ಇಲ್ಲ, ದೋಣಿಗೂ ಮನೆಗೂ ಬಳಿಯುವ ಬಣ್ಣ. 1928ರಲ್ಲಿ ಬೆನ್ ನಿಕೋಲ್ಸನ್, ಕ್ರಿಸ್ಟೋಫರ್ ವುಡ್ ಎಂಬ ಇಬ್ಬರು ತರುಣ ಚಿತ್ರಕಾರರು ಅವನ ತೆರೆದ ಬಾಗಿಲಿನ ಮುಂದೆ ಹಾದುಹೋಗುವಾಗ ಗೋಡೆಯ ಮೇಲಿನ ಚಿತ್ರಗಳನ್ನು ಕಂಡರು. ಆಧುನಿಕ ಇಂಗ್ಲಿಷ್ ಚಿತ್ರಕಲೆ ಅವನಿಂದ ಕಲಿಯಿತು. ಅವನು ಮಾತ್ರ ಬಡವನಾಗಿಯೇ ಉಳಿದು 1942ರಲ್ಲಿ ಬಡವರ ಆಶ್ರಯಗೃಹದಲ್ಲಿ ಸತ್ತ.

ವಾಲಿಸ್ ಬರೆದದ್ದು ಕಣ್ಣೆದುರಿನ ಕಡಲನ್ನಲ್ಲ. ಅವನು ಬರೆಯುವ ಹೊತ್ತಿಗೆ ಹಾಯಿಹಡಗುಗಳ ಕಾಲ ಮುಗಿಯುತ್ತ ಬಂದಿತ್ತು. ಅವನು ಹಾಯಿಹಡಗನ್ನೇ ಬರೆದ. ಆದರೆ ಅವನ ಹಡಗನ್ನು ನೋಡಿ. ಹಗ್ಗ ಎಲ್ಲಿ ಕಟ್ಟಬೇಕೋ ಅಲ್ಲಿ ಕಟ್ಟಿದೆ. ಅಲೆ ಬಂದಾಗ ಮೂತಿ ಏಳಬೇಕಾದಂತೆ ಎದ್ದಿದೆ. ಮನೆಗಳು ಓರೆಯಾಗಿರಬಹುದು, ದೀಪಸ್ತಂಭ ಮಲಗಿರಬಹುದು, ಹಡಗು ಮಾತ್ರ ತೇಲುತ್ತದೆ. ಕೈ ನೆನಪಿಟ್ಟ ವಸ್ತುವಿಗೂ ನಕಲು ಮಾಡಿದ ವಸ್ತುವಿಗೂ ಇರುವ ವ್ಯತ್ಯಾಸ ಅಲ್ಲಿದೆ. ನೆನಪಿನ ಚಿತ್ರದಲ್ಲಿ ಯಾವುದೋ ಒಂದು ಭಾಗ ಹಟ ಹಿಡಿದಷ್ಟು ನಿಖರವಾಗಿರುತ್ತದೆ. ನಕಲಿನಲ್ಲಿ ಎಲ್ಲವೂ ಒಂದೇ ಹದದಲ್ಲಿ ಮೆದುವಾಗಿರುತ್ತದೆ. ಈ ಅಳತೆಗೋಲು ಹಿಡಿದು ಮಾಷ್ಟ್ರ ಸೂರ್ಯಾಸ್ತಗಳನ್ನು ಮತ್ತೆ ನೋಡಿದೆ. ದೋಣಿ ತೇಲುತ್ತಿರಲಿಲ್ಲ, ತೆಂಗು ಯಾರ ತೋಟದ್ದೂ ಆಗಿರಲಿಲ್ಲ. ಒಂದರಲ್ಲಿ ಮಾತ್ರ, ಮೂಲೆಯಲ್ಲಿ, ಮುರಕಲ್ಲಿನ ಅಡ್ಡಗೋಡೆಯೊಂದಿತ್ತು. ಕಲ್ಲಿನ ತೂತುಗಳಲ್ಲಿ ಮಳೆಗಾಲದ ಪಾಚಿ, ಎರಡು ಕಲ್ಲಿನ ಸಂದಿಯಲ್ಲಿ ಗಾರೆ ಇಲ್ಲ. ಆ ಗೋಡೆ ಸುರತ್ಕಲ್ಲಿನದು, ಸಂಶಯವಿಲ್ಲ. ಸೂರ್ಯ ಎರವಲು, ಗೋಡೆ ಸ್ವಂತದ್ದು. ಇದನ್ನೇ ಅವರಿಗೆ ಹೇಳಿದೆ.

ತಡವಾಗಿ ಶುರು ಮಾಡಿದವರೆಂದರೆ ನಮ್ಮ ದೇಶದಲ್ಲಿ ಎಲ್ಲರೂ ಟಾಗೋರರನ್ನು ಹೆಸರಿಸುತ್ತಾರೆ. 1861ರಲ್ಲಿ ಹುಟ್ಟಿದ ರವೀಂದ್ರನಾಥರು ಅರವತ್ತು ದಾಟಿದ ಮೇಲೆ ಹಸ್ತಪ್ರತಿಯ ಕಾಟುಗಳನ್ನೇ ಆಕಾರ ಮಾಡುತ್ತ ಚಿತ್ರಕ್ಕೆ ಬಂದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಮೊದಲ ಪ್ರದರ್ಶನ ನಡೆಯಿತು. ಇಪ್ಪತ್ತೆರಡರ ಹರೆಯದಲ್ಲಿ ಅಣ್ಣನ ಜೊತೆ ನಮ್ಮ ಕಾರವಾರದಲ್ಲಿದ್ದು ಕಡಲು ನೋಡಿದವರು ಅವರು. ಆದರೆ ಅವರು ಕಣ್ಣು ತರಬೇತಿಗೊಂಡ ಕವಿ, ಮನೆ ತುಂಬ ಚಿತ್ರಕಾರರಿದ್ದ ಕುಟುಂಬದವರು. ಪಿಂಚಣಿಯ ದಿನ ಮೊದಲ ಬಣ್ಣದ ಪೆಟ್ಟಿಗೆ ಕೊಂಡವರಿಗೆ ಅವರ ಉದಾಹರಣೆ ಕೊಡುವುದು ಅಷ್ಟು ನ್ಯಾಯವಲ್ಲ.

ನಮಗೆ ಹತ್ತಿರದ ಉದಾಹರಣೆ ರುಮಾಲೆ ಚನ್ನಬಸವಯ್ಯ. ಈ ಇ-ಪತ್ರಿಕೆಯ ಕಿರಿಯ ಓದುಗರಲ್ಲಿ ಎಷ್ಟು ಮಂದಿ ಆ ಹೆಸರು ಕೇಳಿದ್ದಾರೋ. 1910ರಲ್ಲಿ ಹುಟ್ಟಿದವರು, ದೊಡ್ಡಬಳ್ಳಾಪುರದವರು. ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರ ಕಲಾಮಂದಿರದಲ್ಲಿ, ಆಮೇಲೆ ಮೈಸೂರಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದ ಹುಡುಗ ಸ್ವಾತಂತ್ರ್ಯ ಚಳವಳಿಗೆ ಧುಮುಕಿದ. ಕುಂಚ ಪಕ್ಕಕ್ಕೆ ಹೋಯಿತು. ಸೇವಾದಳ, ಸೆರೆಮನೆ, ರಾಜಕೀಯ, 'ತಾಯಿನಾಡು' ಪತ್ರಿಕೆಯ ಸಂಪಾದಕತ್ವ, ಹೀಗೆ ದಶಕಗಳು ಕಳೆದವು. 1960ರ ದಶಕದಲ್ಲಿ, ಐವತ್ತು ದಾಟಿದ ಮೇಲೆ, ಅದೆಲ್ಲವನ್ನೂ ಕೆಳಗಿಟ್ಟು ಮತ್ತೆ ಚಿತ್ರಕ್ಕೆ ಬಂದರು. 1988ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. ಇವರನ್ನು ನಿವೃತ್ತರೆನ್ನಬೇಕೋ ಬೇಡವೋ ಎಂಬ ಚರ್ಚೆ ಬೇಕಾಗಿಲ್ಲ. ಒಂದು ಬದುಕನ್ನು ಮುಗಿಸಿ ಇನ್ನೊಂದನ್ನು ಶುರು ಮಾಡಿದವರು, ಅಷ್ಟು ಸಾಕು.

ರುಮಾಲೆಯವರು ಬರೆದದ್ದು ಬೆಂಗಳೂರಿನ ಮರಗಳನ್ನು. ಗುಲ್‌ಮೊಹರ್, ಜಕರಂದ, ತಬೇಬುಯ, ಕಾಗದದ ಹೂ. ಲಾಲ್‌ಬಾಗು, ಕಬ್ಬನ್ ಪಾರ್ಕು, ರಸ್ತೆಯಂಚು. ಸಣ್ಣ ಸಣ್ಣ ಗಟ್ಟಿ ಗೀಟುಗಳಲ್ಲಿ ಬಣ್ಣವನ್ನು ಪೇರಿಸುತ್ತ ಹೋಗುತ್ತಾರೆ. ಎಲ್ಲ ಚಿತ್ರಗಳೂ ಒಂದೇ ಮಟ್ಟದವಲ್ಲ. ಕೆಲವುದರಲ್ಲಿ ಹೂವಿನ ಅಬ್ಬರಕ್ಕೆ ಮರದ ಭಾರವೇ ಕಳೆದುಹೋಗುತ್ತದೆ, ಕಾಂಡ ಇದ್ದೂ ಇಲ್ಲದಂತಾಗುತ್ತದೆ. ಗೆದ್ದ ಚಿತ್ರಗಳಲ್ಲಿ ಬೇರೆಯೇ ಒಂದು ಗುಣವಿದೆ: ಇಂಥ ಮರ, ಇಂಥ ರಸ್ತೆ, ಇಂಥ ತಿಂಗಳು ಎಂದು ಹೇಳಬಹುದು. ಹೂವು ಬಿಟ್ಟ ಮರ ಎಂಬ ಸಾಮಾನ್ಯ ವಸ್ತುವಿನ ಬದಲು ಮಾರ್ಚಿನ ಒಂದು ತಬೇಬುಯ ಅಲ್ಲಿದೆ. ಅವರು ನಿಂತು ನೋಡಿದ ಬೆಂಗಳೂರಿನಲ್ಲಿ ಇಂದು ಎಷ್ಟೋ ಗುರುತು ಸಿಗದಷ್ಟು ಬದಲಾಗಿದೆ. ಹಾಗಾಗಿ ಆ ಚಿತ್ರಗಳು ಅವರು ಉದ್ದೇಶಿಸದ ಇನ್ನೊಂದು ಕೆಲಸವನ್ನೂ ಮಾಡುತ್ತಿವೆ. ನಮ್ಮ ಊರು ಹೇಗಿತ್ತು ಎಂದು ಸಾಕ್ಷಿ ಹೇಳುತ್ತಿವೆ.

ರುಮಾಲೆಯವರಿಂದ ನಿವೃತ್ತ ಚಿತ್ರಕಾರರು ಕಲಿಯಬೇಕಾದ್ದು ಬಣ್ಣದ ಅಬ್ಬರವನ್ನಲ್ಲ. ಹೆಸರು ಹಿಡಿದು ಕರೆಯಬಹುದಾದ ಒಂದು ಜಾಗಕ್ಕೆ ಮತ್ತೆ ಮತ್ತೆ ಹೋಗಿ ನಿಲ್ಲುವುದನ್ನು. ಇದೇ ಶಿಸ್ತನ್ನು ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳಲ್ಲೂ ಕಾಣಬಹುದು. ಮಂಜು ಯಾವ ಹೊತ್ತಿನದೆಂದು ಆ ಪುಟ್ಟ ಚಿತ್ರಗಳು ಹೇಳುತ್ತವೆ. ಅವರ ಬದುಕಿನ ದಾರಿ ತಿರುಗಿದ್ದು ಇನ್ನೊಂದು ದಿಕ್ಕಿಗೆ. ಚಿತ್ರದಿಂದ ಅವರು ವೀಣೆಯ ಕಡೆಗೆ ಹೊರಳಿದರು. ಗಂಭೀರವಾಗಿ ತೊಡಗುವುದಕ್ಕೆ ವಯಸ್ಸಿನ ಕಟ್ಟಳೆ ಎರಡೂ ಕಡೆಗಿಲ್ಲ ಅಂತಾಯಿತು.

ಈಗ ವಿಜಯವಾಡಕ್ಕೆ ಬರೋಣ. ಅಲ್ಲಿನ ನಮ್ಮವರ ಚಿತ್ರಗಳಲ್ಲಿ ನನಗೆ ಬೇರೊಂದು ಕೊರತೆ ಕಾಣುತ್ತದೆ. ಅಲ್ಲಿ ಸೂರ್ಯಾಸ್ತ ಸುಳ್ಳಲ್ಲ. ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತು ಮೇಲ್ದಂಡೆಗೆ ಮುಖ ಮಾಡಿದರೆ ಪಡುವಣದ ಬಾನು ಇಡಿಯಾಗಿ ನೀರಿನಲ್ಲಿರುತ್ತದೆ. ಆ ನೀರು ಬರುವುದೂ ನಮ್ಮ ಕಡೆಯಿಂದಲೇ. ಮಹಾಬಲೇಶ್ವರದಲ್ಲಿ ಹುಟ್ಟಿ, ಆಲಮಟ್ಟಿ, ನಾರಾಯಣಪುರ ದಾಟಿ, ಭೀಮೆ ತುಂಗಭದ್ರೆಯರನ್ನು ಕೂಡಿಕೊಂಡು, ಶ್ರೀಶೈಲ, ನಾಗಾರ್ಜುನ ಸಾಗರಗಳಲ್ಲಿ ತಡೆದು ತಡೆದು ಬಿಟ್ಟ ಕೃಷ್ಣೆ ಅದು. ಬಾಗಲಕೋಟೆಯ ಕಡೆಯವರೊಬ್ಬರು ಅಲ್ಲಿ ನಿಂತು "ನಮ್ಮ ನೀರ ನೋಡ್ರಿ" ಅಂದಾಗ ಆ ಹೆಮ್ಮೆ ಅರ್ಥವಾಗುತ್ತದೆ.

ಆದರೆ ಚಿತ್ರಗಳಲ್ಲಿ ನದಿ ಯಾವಾಗಲೂ ಒಂದೇ ಕಡೆಯದು: ತುಂಬಿದ ನೀರು, ಇಂದ್ರಕೀಲಾದ್ರಿ, ಕನಕದುರ್ಗೆಯ ಗೋಪುರ. 1957ರಲ್ಲಿ ತೆರೆದ, ಸುಮಾರು 1.2 ಕಿಲೋಮೀಟರ್ ಉದ್ದದ ಆ ಬ್ಯಾರೇಜು ಒಂದು ನದಿಯನ್ನು ಎರಡು ಮಾಡಿದೆ. ಬೇಸಿಗೆಯಲ್ಲಿ ಅದರ ಮೇಲೆ ನಿಂತು ಒಂದು ಪಕ್ಕಕ್ಕೆ ನೋಡಿದರೆ ಕೆರೆಯಂಥ ನೀರು. ರಸ್ತೆ ದಾಟಿ ಇನ್ನೊಂದು ಪಕ್ಕಕ್ಕೆ ನೋಡಿದರೆ ಮರಳು, ಬಂಡೆ, ನಡುವೆ ಮಡುಗಟ್ಟಿದ ಹಸಿರು ನೀರು, ಬಟ್ಟೆ ಒಗೆಯುವವರು. ಈ ಎರಡನೆಯದನ್ನು ಬರೆದವರನ್ನು ನಾನು ಕಂಡಿಲ್ಲ. ಹನ್ನೆರಡು ಹೆಜ್ಜೆ ರಸ್ತೆ ದಾಟಿದ್ದರೆ ಇನ್ನೊಂದು ಚಿತ್ರ ಸಿಗುತ್ತಿತ್ತು. 2024ರ ಸೆಪ್ಟೆಂಬರಿನಲ್ಲಿ ಅದೇ ಬ್ಯಾರೇಜಿನಲ್ಲಿ 11 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿಯಿತು, ಕಿತ್ತುಬಂದ ದೋಣಿಗಳು ಗೇಟಿಗೆ ಬಡಿದವು, ಬುಡಮೇರು ಉಕ್ಕಿ ಊರಿನ ದೊಡ್ಡ ಭಾಗ ದಿನಗಟ್ಟಲೆ ನೀರಿನಲ್ಲಿ ನಿಂತಿತು. ನಮ್ಮ ಹಿರಿಯರಲ್ಲಿ ಕೆಲವರು ಆ ದಿನಗಳನ್ನು ಮೊದಲ ಮಹಡಿಯಿಂದ ನೋಡಿದವರು. ಮರುವರ್ಷದ ಗೋಡೆಯ ಮೇಲೆ ಮತ್ತೆ ಅದೇ ತಿಳಿನೀಲಿ ಕೃಷ್ಣೆ. ನೋಡಿದ್ದು ಒಂದು, ಬರೆದದ್ದು ಒಂದು.

ವೈಜಾಗಿನ ಚಿತ್ರಗಳಲ್ಲೂ ಹೀಗೆ ಬಿಟ್ಟುಹೋದವುಗಳ ಪಟ್ಟಿ ಉದ್ದವಿದೆ. 1933ರಿಂದ ದುಡಿಯುತ್ತಿರುವ ಬಂದರಿನ ಊರು ಇದು. ದಿಗಂತದಲ್ಲಿ ಸರದಿಗಾಗಿ ಲಂಗರು ಹಾಕಿ ನಿಂತ ಹಡಗುಗಳು ಯಾವತ್ತೂ ಇರುತ್ತವೆ. ರಾತ್ರಿ ಅವುಗಳ ದೀಪದ ಸಾಲು ಇನ್ನೊಂದು ಊರಿನಂತೆ ಕಾಣುತ್ತದೆ. ಚಿತ್ರದಲ್ಲಿ ಒಂದೂ ಇಲ್ಲ. ಬೀಚ್ ರಸ್ತೆಯಲ್ಲೇ ಕುರ್ಸುರ ಎಂಬ ಇಡೀ ಜಲಾಂತರ್ಗಾಮಿಯನ್ನು ಮರಳಿಗೆ ಎಳೆದು ತಂದು ಮ್ಯೂಸಿಯಂ ಮಾಡಿದ್ದಾರೆ. ಅಷ್ಟು ದೊಡ್ಡ ಕಪ್ಪು ಆಕಾರ ಯಾರ ಕಣ್ಣಿಗೂ ಬಿದ್ದಿಲ್ಲ. ಮೀನುಗಾರರ ದೋಣಿಗಳು ಇಂದು ಬಹುಮಟ್ಟಿಗೆ ಫೈಬರ್‌ನವು, ಹಿಂದೆ ಮೋಟರು. ಚಿತ್ರದಲ್ಲಿ ಮಾತ್ರ ಹಾಯಿ ಬಿಚ್ಚಿದ ಮರದ ದೋಣಿ. ಭೀಮುನಿಪಟ್ಟಣದ ದಾರಿಯಲ್ಲಿ ಎರ್ರಮಟ್ಟಿ ದಿಬ್ಬಗಳಿವೆ. ಕೆಂಪು ಮರಳು ಮಳೆಗೆ ಸೀಳಿ ಕಂದರಗಳಾಗಿ, ಅದರಾಚೆ ನೀಲಿ ಕಡಲು. ಇಷ್ಟು ಕೆಂಪು, ಇಷ್ಟು ನೀಲಿ ಪಕ್ಕಪಕ್ಕದಲ್ಲಿರುವ ಜಾಗ ಕಡಿಮೆ. ಅದನ್ನು ಬರೆಯುವವರು ನಮ್ಮ ಮುರಕಲ್ಲಿನ ಕೆಂಪನ್ನು ಬಳಿಯುತ್ತಾರೆ. ಈ ಗುಡ್ಡಗಳ ಕಲ್ಲು ಖೊಂಡಲೈಟ್. ಅದರ ಬಣ್ಣ ಹಳೆಯ ಕಬ್ಬಿಣದ ತುಕ್ಕಿನದು. ದಿಬ್ಬದ ಕೆಂಪು ಅದರದೇ ವಂಶ. ಟ್ಯೂಬಿನ ಹೆಸರು ನೋಡಿ ಬಣ್ಣ ಆಯ್ದರೆ ಆಗುವುದಿಲ್ಲ, ಒಂದು ಹಿಡಿ ಮಣ್ಣು ಕೈಯಲ್ಲಿ ಹಿಡಿದು ನೋಡಬೇಕು.

ಈ ಬಿಟ್ಟುಬಿಡುವಿಕೆಯ ಹಿಂದೆ ಒಂದು ನಂಬಿಕೆ ಇದೆ: ಚಿತ್ರವೆಂದರೆ ಸುಂದರ ಜಾಗ, ಹಡಗು ಕ್ರೇನು ಅದನ್ನು ಕೆಡಿಸುತ್ತವೆ. ಬದುಕಿಡೀ ಬಂದರಿನಲ್ಲೇ ದುಡಿದ ಒಬ್ಬರು ಕ್ರೇನಿಲ್ಲದ ಕಡಲು ಬರೆದಾಗ ನನಗೆ ಬೇಸರವೇ ಆಗುತ್ತದೆ. ಕ್ರೇನಿನ ತೋಳು ಭಾರ ಎತ್ತಿದಾಗ ಎಷ್ಟು ಬಾಗುತ್ತದೆಂದು ಈ ಊರಿನ ಯಾವ ಚಿತ್ರಕಾರನಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ವಾಲಿಸನಿಗೆ ಹಗ್ಗ ಗೊತ್ತಿದ್ದಂತೆ ಇವರಿಗೆ ಕ್ರೇನು ಗೊತ್ತು. ಕೆಲಸ ಮುಗಿಸಿ ಬರೆಯಲು ಕುಳಿತವರಿಗೆ ಕಲಾಶಾಲೆಯ ಹುಡುಗರಿಗಿಲ್ಲದ ಆಸ್ತಿ ಇರುವುದೇ ಈ ಮೂವತ್ತೈದು ವರ್ಷದ ತಿಳಿವಳಿಕೆಯಲ್ಲಿ. ಅದನ್ನು ಮನೆಯಲ್ಲಿಟ್ಟು ಬರಿಗೈಯಲ್ಲಿ ಬೀಚಿಗೆ ಬರುತ್ತಾರೆ.

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಈ ಊರಿಗೆ ಅಪ್ಪಳಿಸಿತು. ಸಾವಿರಾರು ಮರಗಳು ನೆಲಕ್ಕುರುಳಿದವು. ಅದಕ್ಕೆ ಮುಂಚಿನ ಬೀಚ್ ರಸ್ತೆಯನ್ನು, ಕೈಲಾಸಗಿರಿಯನ್ನು ಕಣ್ಣಲ್ಲಿ ಇಟ್ಟುಕೊಂಡವರು ಈ ಹಿರಿಯರೇ. ರುಮಾಲೆಯವರು ಬೆಂಗಳೂರಿಗೆ ಮಾಡಿದ್ದನ್ನು ವೈಜಾಗಿಗೆ ಮಾಡಬಲ್ಲವರು ಇವರು. ಮಾಡದಿದ್ದರೆ ಆ ನೋಟ ಅವರ ಜೊತೆಗೇ ಹೋಗುತ್ತದೆ. ನನ್ನ ತಕರಾರಿನ ಮೂಲ ಇದು. ವಲಸೆ ಬಂದವರು ತಾವಿರುವ ಊರನ್ನು ನೋಡದೆ ಬಿಟ್ಟ ಊರನ್ನು ಅದರ ಮೇಲೆ ಅಂಟಿಸುತ್ತ ಹೋದರೆ ಕೊನೆಗೆ ಎರಡೂ ಕೈತಪ್ಪುತ್ತವೆ. ಸುರತ್ಕಲ್ಲೂ ಸಿಗುವುದಿಲ್ಲ, ವೈಜಾಗೂ ಸಿಗುವುದಿಲ್ಲ, ಕ್ಯಾಲೆಂಡರ್ ಸಿಗುತ್ತದೆ. ನಮ್ಮ ಕತೆ ಕವಿತೆಗಳಿಗೂ ಈ ಮಾತು ಸಲ್ಲುತ್ತದೆ ಎಂಬುದನ್ನು ಇಲ್ಲಿ ಬರೆಯುವ ನಾವೆಲ್ಲ ಬಲ್ಲೆವು.

ಸಾಮಗ್ರಿಯ ಬಗ್ಗೆಯೂ ಎರಡು ಮಾತು ಸೇರಿಸುತ್ತೇನೆ, ಯಾಕೆಂದರೆ ಅದರಲ್ಲೂ ಜಾಗದ ಪಾಠವಿದೆ. ಜಲವರ್ಣ ಒಣಗುವ ವೇಗದ ಮೇಲೆ ಆಡುವ ಆಟ. ವಿಜಯವಾಡವನ್ನು ಸುಮ್ಮನೆ ಬ್ಲೇಜ್‌ವಾಡ ಎನ್ನುವುದಿಲ್ಲ. ಮೇ ತಿಂಗಳಲ್ಲಿ ಅಲ್ಲಿ ಕಾಗದದ ಈ ಅಂಚಿನಿಂದ ಆ ಅಂಚಿಗೆ ಆಕಾಶ ಎಳೆಯುವಷ್ಟರಲ್ಲಿ ಶುರುವಾದ ಕಡೆ ಒಣಗಿ ಗೆರೆ ಕಟ್ಟಿರುತ್ತದೆ. ವೈಜಾಗಿನ ಕಡಲ ಗಾಳಿಯಲ್ಲಿ ತದ್ವಿರುದ್ಧ: ಮೊದಲ ಪದರ ಹಸಿಯಾಗಿಯೇ ಇರುತ್ತದೆ, ಅವಸರದಲ್ಲಿ ಎರಡನೆಯದು ಹಾಕಿದರೆ ಕೆಸರು. ಎರಡು ಊರಿಗೆ ಎರಡು ಕೈಗಾರಿಕೆ ಬೇಕು. ವಿಜಯವಾಡದಲ್ಲಿ ಸಣ್ಣ ಕಾಗದ, ನಸುಕಿನ ಹೊತ್ತು, ಕಾಗದದ ಹಿಂಬದಿಯನ್ನೂ ಒದ್ದೆ ಮಾಡಿಕೊಳ್ಳುವುದು. ವೈಜಾಗಿನಲ್ಲಿ ತಾಳ್ಮೆ, ಇಲ್ಲವೇ ಏಕಕಾಲಕ್ಕೆ ಎರಡು ಚಿತ್ರ. ಫೋಟೋ ನೋಡಿ ಎಸಿ ಕೋಣೆಯಲ್ಲಿ ಬರೆಯುವವರಿಗೆ ಈ ಕಷ್ಟವಿಲ್ಲ. ಈ ಕಷ್ಟದಿಂದ ಹುಟ್ಟುವ ಚಿತ್ರವೂ ಅವರಿಗಿಲ್ಲ.

ಕೊನೆಗೆ ಮಾಷ್ಟ್ರ ಚಿತ್ರ. ಎರ್ರಮಟ್ಟಿಗೂ ಹೋಗದೆ, ಕೈಲಾಸಗಿರಿಯನ್ನೂ ಹತ್ತದೆ, ಮೂರು ತಿಂಗಳು ಅವರು ಬೀಚ್ ರಸ್ತೆಯ ಒಂದೇ ಕಟ್ಟೆಯ ಮೇಲೆ ಸಂಜೆ ಐದಕ್ಕೆ ಕುಳಿತರು. ಆ ಸಾಲಿನಲ್ಲಿ ಸುಮಾರು ಇಪ್ಪತ್ತು ಚಿತ್ರಗಳಿವೆ. ಹದಿನೈದು ಸೋತಿವೆ. ಗುಲಾಬಿ ಪಟ್ಟಿ ಸೀರೆಯ ಅಂಚಿನಂತೆ ಗಡುಸಾಗಿದೆ, ಬೂದು ಪಟ್ಟಿ ಮೋಡದಂತಾಗಿದೆ. ಉಳಿದವುಗಳಲ್ಲಿ ಒಂದು ನನ್ನ ತಲೆಯಿಂದ ಹೋಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಕಾಗದ ಬರೀ ಬಾನು. ಕೆಳಗೆ ಸ್ಲೇಟಿನ ಬಣ್ಣದ ಕಡಲು, ಹೊಳಪೇ ಇಲ್ಲ. ದಿಗಂತದಲ್ಲಿ ಮೂರು ಹಡಗು. ಗಣಿತದ ಮಾಷ್ಟ್ರಲ್ಲವೇ, ಅವುಗಳ ಅಂತರ ಸರಿಯಾಗಿದೆ. ದೂರದ್ದರ ತಳ ನೀರಿನ ಗೆರೆಯ ಕೆಳಗೆ ಒಂದಿಷ್ಟು ಇಳಿದಿದೆ, ಭೂಮಿ ದುಂಡಗಿದೆ ಎಂದು ತಿಳಿದವರು ಬರೆಯುವಂತೆ. ಮುಂಭಾಗದ ಮರಳು ಮಾತ್ರ ಇನ್ನೂ ಸುರತ್ಕಲ್ಲಿನದು, ಅಗತ್ಯಕ್ಕಿಂತ ಬಿಳಿ. ಅದನ್ನೂ ಹೇಳಿದೆ. "ಅದು ಬಿಡಲಿಕ್ಕೆ ಇನ್ನೊಂದು ವರ್ಷ ಬೇಕು," ಅಂದರು. ಬಿಡಬೇಕಾಗಿಲ್ಲವೇನೋ ಎಂದು ಈಗ ಅನ್ನಿಸುತ್ತದೆ. ಬಾನು ಈ ಊರಿನದು, ಕಾಲಡಿಯ ಮರಳು ಆ ಊರಿನದು. ವಲಸೆಗಾರನ ನಿಲುವು ಇದಕ್ಕಿಂತ ನಿಖರವಾಗಿ ಬೇರೆ ಹೇಗೆ ಬರೆಯಬಹುದು? ಆದರೆ ಅದನ್ನು ಗೊತ್ತಿದ್ದು ಇಟ್ಟುಕೊಳ್ಳುವುದು ಬೇರೆ, ಗೊತ್ತಿಲ್ಲದೆ ಉಳಿಯುವುದು ಬೇರೆ. ಗೊತ್ತು ಮಾಡಿಸುವುದು ವಿಮರ್ಶೆಯ ಕೆಲಸ.

ಮುಂದಿನ ಸಲ ಊರಿನಿಂದ ಅಪ್ಪನೋ ಅಮ್ಮನೋ ಮನೆಯ ವಾಟ್ಸಾಪ್ ಗುಂಪಿಗೆ ತಾವು ಬರೆದ ಚಿತ್ರ ಕಳಿಸಿದಾಗ ಚಪ್ಪಾಳೆಯ ಚಿಹ್ನೆ ಒತ್ತುವ ಮೊದಲು ಒಂದು ನಿಮಿಷ ಅದನ್ನು ದೊಡ್ಡದು ಮಾಡಿ ನೋಡಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ, ಆ ದೋಣಿ ಯಾರದು, ಎಷ್ಟು ಗಂಟೆಗೆ ಕೂತು ಬರೆದಿರಿ ಎಂದು ಕೇಳಿ. ಉತ್ತರ ಬರಲು ತಡವಾಗಬಹುದು. ಆ ತಡದಲ್ಲಿ ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನೋಡುತ್ತಿರುತ್ತಾರೆ.